ಗೃಹೋದ್ಯೋಗವೂ ಯಜಮಾನಿಕೆಯೂ

ಕಳೆದ ಮಾಘಮಾಸದಲ್ಲಿ ನಮ್ಮ ತಂಗಿಯ ಮಗಳು ಹೊಸದೊಂದು ಲೆಕ್ಕದ ಪುಸ್ತಕವನ್ನು ಕೈಯಲ್ಲಿ ಹಿಡಿದು ನಮ್ಮ ಮನೆಗೆ ಬಂದಳು. ನೆರೆಮನೆಗಳ ಮೂವರು ಹೆಂಗಸರನ್ನು ಕೂಡಿಕೊಂಡು ಮನೆಯಲ್ಲಿಯೇ ಹಪ್ಪಳ, ಸಂಡಿಗೆ, ಸಾರಿನ ಪುಡಿಗಳನ್ನು ಮಾಡಿ ಮಾರಬೇಕೆಂದು ಅವಳು ಸಂಕಲ್ಪಿಸಿದ್ದಳು. ಮೂಲಧನವು ಒದಗಿತ್ತು, ಉದ್ದು ಬೀಸಿಕೊಡುವ ಗಿರಣಿಯೂ ಗೊತ್ತಾಗಿತ್ತು. "ಮಾವ, ನಿಮ್ಮಿಂದ ಎರಡು ಕೆಲಸಗಳಾಗಬೇಕು. ನಾಲ್ವರಲ್ಲಿ ನಾನೇ ಮುಂದೆ ನಿಲ್ಲಬೇಕೆಂದು ಎಲ್ಲರೂ ಹೇಳುತ್ತಾರೆ. ಮುಂದೆ ನಿಲ್ಲುವವಳಿಗೆ ಏನೇನು ಗುಣಗಳಿರಬೇಕೆಂಬುದನ್ನು ತಿಳಿಸಿರಿ. ಎರಡನೆಯದು, ಈ ಪುಸ್ತಕದಲ್ಲಿ ಲೆಕ್ಕವನ್ನು ನೀವೇ ಬರೆದುಕೊಡಿರಿ" ಎಂದಳು. ಮೊದಲನೆಯದಕ್ಕೆ ಒಪ್ಪಿದೆವು, ಎರಡನೆಯದು ಆಗದೆಂದೆವು. ಅವಳ ಮುಖವು ಬಾಡಿತು. ಆಗದೆಂದುದರ ಕಾರಣವನ್ನು ಅಂದು ಅವಳಿಗೆ ಹೇಳಲು ನಮಗೆ ಬಾಯಿ ಬರಲಿಲ್ಲ. ಅದನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಆದರೆ ಸ್ವಲ್ಪ ಸುತ್ತಿಕೊಂಡು ಬರುವುದನ್ನು ವಾಚಕರು ಸಹಿಸಿಕೊಳ್ಳಬೇಕು.

ಮುಂದಾಳಿನ ಗುಣಗಳೆಂದೊಡನೆಯೆ ಧೈರ್ಯ, ಸಾಹಸ, ವಾಕ್ಚಾತುರ್ಯ, ದೂರದೃಷ್ಟಿ ಎಂದು ಎಣಿಸಿಕೊಂಡು ಹೋಗುವುದು ವಾಡಿಕೆ. ನಾವು ಪಾಠಶಾಲೆಯಲ್ಲಿದ್ದಾಗ ಹುಡುಗರಿಗೆ ಇಂತಹ ಪಟ್ಟಿಗಳನ್ನು ಬರೆಯಿಸಿ ಕಂಠಪಾಠ ಮಾಡಿಸಿದ್ದುಂಟು. ಅವು ಸುಳ್ಳಲ್ಲ. ಆದರೆ ಅವು ದಂಡಯಾತ್ರೆಗೆ ಹೊರಟವನಿಗೂ ಸಲ್ಲುವುವು, ನಾಟಕಮಂಡಲಿಯನ್ನು ಕಟ್ಟಿದವನಿಗೂ ಸಲ್ಲುವುವು. ಹಪ್ಪಳದ ಹಿಟ್ಟಿನ ಮುಂದೆ ಕುಳಿತವಳಿಗೆ ಅವುಗಳಿಂದ ವಿಶೇಷವಾಗಿ ತಿಳಿಯತಕ್ಕದ್ದೇನೂ ಇಲ್ಲ. ಗೃಹೋದ್ಯೋಗದ ಸ್ವಭಾವವೇ ಬೇರೆ. ಕಾರ್ಖಾನೆಯಲ್ಲಿ ಧಣಿಯೊಡನೆ ಮನಸ್ತಾಪವಾದರೆ ಆಳು ಸಂಜೆ ತನ್ನ ಮನೆಗೆ ಹೋಗಿ ಅದನ್ನು ಮರೆಯಬಹುದು. ಮನೆಯೇ ಕಾರ್ಖಾನೆಯಾದಲ್ಲಿ ಮರೆಯಲು ಬೇರೆ ಮನೆಯೆಲ್ಲಿದೆ? ಒಟ್ಟಿಗೆ ಲಟ್ಟಿಸುವವರು ನೆರೆಹೊರೆಯವರು, ನಂಟರು, ಒಂದೇ ನಲ್ಲಿಯ ನೀರಿಗೆ ಕೊಡ ಹಿಡಿಯುವವರು. ಬೆಳಗ್ಗೆ ಹಿಟ್ಟಿನ ತೂಕದಲ್ಲಿ ಹುಟ್ಟಿದ ಅಸಮಾಧಾನವು ಸಂಜೆ ಅರಿಸಿನ ಕುಂಕುಮಕ್ಕೆ ಕರೆಯದೆ ಬಿಡುವುದರಲ್ಲಿ ಕಾಣಿಸಿಕೊಳ್ಳುತ್ತದೆ. ಸಂಬಳದ ಕಟ್ಟಿಲ್ಲ, ಹಾಜರಿಯ ಪುಸ್ತಕವಿಲ್ಲ, ಕೆಲಸದಿಂದ ತೆಗೆದುಹಾಕುವ ಅಧಿಕಾರವಿಲ್ಲ. ಇಂತಹ ಕಡೆಯಲ್ಲಿ ಯಜಮಾನಿಕೆಯನ್ನು ನಡೆಸುವುದಾದರೂ ಹೇಗೆ?

ಯಜಮಾನನೆಂಬ ಶಬ್ದದಲ್ಲಿಯೇ ಇದಕ್ಕೆ ಉತ್ತರವಿದೆಯೆಂದು ನಮಗೆ ತೋರುತ್ತದೆ. ಈಗ ನಾವು ಆ ಶಬ್ದವನ್ನು ಅಪ್ಪಣೆ ಮಾಡುವವನು, ಸ್ವತ್ತುಳ್ಳವನು ಎಂಬ ಅರ್ಥದಲ್ಲಿ ಆಡುತ್ತೇವೆ. ಮೂಲದಲ್ಲಿ ಅದು ಯಜ್ ಎಂಬ ಧಾತುವಿನಿಂದ ಬಂದುದು. ತನಗಾಗಿ ಯಾಗವನ್ನು ನಡೆಯಿಸುವವನು ಯಜಮಾನ. ಯಾಗಶಾಲೆಯಲ್ಲಿ ಮಂತ್ರಗಳನ್ನು ಹೇಳುವವರು ಋತ್ವಿಜರು. ಹಾಗಾದರೆ ಯಜಮಾನನ ಕೆಲಸವೇನು? ವೆಚ್ಚವನ್ನು ಹೊರುವುದು, ದೀಕ್ಷೆಯನ್ನು ವಹಿಸುವುದು, ಊಟ ನಿದ್ರೆ ಮಾತುಗಳಲ್ಲಿ ಉಳಿದವರಿಗಿಂತ ಮೊದಲು ನಿಯಮಕ್ಕೆ ಒಳಪಡುವುದು. ಇತರರನ್ನು ಕಟ್ಟುವವನಲ್ಲ, ತಾನು ಕಟ್ಟಿಸಿಕೊಂಡವನು. ಶಬ್ದವ್ಯುತ್ಪತ್ತಿಯನ್ನು ಹಿಡಿದು ಲೋಕವ್ಯವಹಾರವನ್ನು ನಿರ್ಣಯಿಸುವುದು ಪಂಡಿತರ ಹಳೆಯ ಚಾಳಿ. ಅದು ನಮ್ಮನ್ನು ಇನ್ನೂ ಬಿಟ್ಟಿಲ್ಲ. ಶಬ್ದದಿಂದ ತೃಪ್ತರಾಗದವರಿಗಾಗಿ ನಡೆದ ಸಂಗತಿಯೊಂದನ್ನೇ ಹೇಳುತ್ತೇವೆ.

೧೯೫೯ನೆಯ ಇಸವಿ ಮಾರ್ಚ್ ೧೫ರಂದು ಮುಂಬಯಿಯ ಗಿರಗಾಂವ್‌ನಲ್ಲಿ, ಲೋಹಾಣಾ ನಿವಾಸವೆಂಬ ವಠಾರದ ಮಾಳಿಗೆಯ ಮೇಲೆ, ಏಳು ಮಂದಿ ಗುಜರಾತಿ ಗೃಹಿಣಿಯರು ಸೇರಿ ಹಪ್ಪಳವನ್ನು ಲಟ್ಟಿಸಿದರು. ಅವರು ಹೆಚ್ಚು ಓದಿದವರಲ್ಲ; ಬಲ್ಲ ವಿದ್ಯೆ ಅಡಿಗೆಯೊಂದೆ. ಮೂಲಧನವೆಂದರೆ ಎಂಬತ್ತು ರೂಪಾಯಿ, ಅದೂ ಸಾಲ. ಸಾಲ ಕೊಟ್ಟವರು ಗೋಖಲೆಯವರು ೧೯೦೫ರಲ್ಲಿ ಸ್ಥಾಪಿಸಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಸೇರಿದ ಛಗನಲಾಲ ಕರಮಸಿ ಪಾರೇಖ್ ಎಂಬ ಸಮಾಜಸೇವಕರು. ಎಲ್ಲರೂ ಅವರನ್ನು ಛಗನ್‌ಬಾಪಾ ಎಂದು ಕರೆಯುತ್ತಿದ್ದರು. ಮೊದಲ ದಿನ ಸಿದ್ಧವಾದುದು ನಾಲ್ಕೇ ಪೊಟ್ಟಣಗಳು. ಭುಲೇಶ್ವರದಲ್ಲಿ ಪರಿಚಯದ ವರ್ತಕನೊಬ್ಬನಿಗೆ ಅವರು ಹಪ್ಪಳಗಳನ್ನು ಮಾರತೊಡಗಿದರು. ವರ್ಷವು ತುಂಬುವಾಗ ಒಟ್ಟು ಮಾರಾಟವು ೬,೧೯೬ ರೂಪಾಯಿಗಳಾಗಿತ್ತು. ಮುರಿದ ಹಪ್ಪಳಗಳನ್ನು ಮಾರದೆ ನೆರೆಯವರಿಗೆ ಹಂಚಿಬಿಡುತ್ತಿದ್ದರಂತೆ. ಈ ಉದ್ಯೋಗವೇ ಇಂದು ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ನಾಲ್ವತ್ತು ಸಾವಿರಕ್ಕೂ ಮಿಕ್ಕ ಸ್ತ್ರೀಯರು ಇದರಿಂದ ಜೀವಿಸುತ್ತಾರೆ. ವಾರ್ಷಿಕ ವ್ಯಾಪಾರವು ಸಾವಿರ ಕೋಟಿ ರೂಪಾಯಿಗಳ ಮೇರೆಯನ್ನು ದಾಟಿದೆ. ಪಾಪಡ್ ಎಂಬುದೂ ನಮ್ಮ ಹಪ್ಪಳವೂ ಪರ್ಪಟವೆಂಬ ಒಂದೇ ಸಂಸ್ಕೃತ ಶಬ್ದದ ಸಂತಾನಗಳು; ಆದಕಾರಣ ನಮ್ಮ ಗೃಹಿಣಿಯರು ಇದನ್ನು ಪರಕೀಯರ ಕಥೆಯೆಂದು ಎಣಿಸಬೇಕಾಗಿಲ್ಲ.

ಇಷ್ಟನ್ನು ಎಲ್ಲರೂ ಬಲ್ಲರು. ಎಂಬತ್ತು ರೂಪಾಯಿಯಿಂದ ಕೋಟಿಗಳಾದುವೆಂದು ಕೇಳಿ ಬೆರಗಾಗುವುದರಿಂದ ಪ್ರಯೋಜನವಿಲ್ಲ. ಆ ಹೆಂಗಸರು ಮೊದಲಿನ ಮೂರು ನಾಲ್ಕು ವರ್ಷಗಳಲ್ಲಿ ತಮ್ಮನ್ನು ತಾವು ಯಾವ ಯಾವ ಕಟ್ಟುಗಳಿಗೆ ಒಳಪಡಿಸಿಕೊಂಡರೆಂಬುದೇ ನೋಡತಕ್ಕ ವಿಷಯ.

ಪ್ರಾರಂಭದಲ್ಲಿ ಅವರು ಎರಡು ತರದ ಹಪ್ಪಳಗಳನ್ನು ಮಾಡುತ್ತಿದ್ದರು. ಉತ್ತಮವಾದುದೊಂದು, ಕಡಿಮೆ ಬೆಲೆಗೆ ಮಾರಲು ಸಾಧಾರಣವಾದುದೊಂದು. ಇದರಲ್ಲಿ ಮೋಸವೇನೂ ಇಲ್ಲವಷ್ಟೆ? ಬಡವನಿಗೆ ಬಡವನ ಬೆಲೆ. ಎಂತಹ ವಿವೇಕಿಯೂ ಹೀಗೆಯೇ ಯೋಚಿಸುವನು. ಛಗನ್‌ಬಾಪಾ ಅದನ್ನು ಒಪ್ಪಲಿಲ್ಲ. ಒಂದೇ ಬಗೆಯ ಹಪ್ಪಳವನ್ನು ಮಾಡಿರಿ, ಗುಣದಲ್ಲಿ ಎಂದಿಗೂ ರಾಜಿ ಮಾಡಿಕೊಳ್ಳಬೇಡಿರಿ ಎಂದು ಬುದ್ಧಿ ಹೇಳಿದರು. ಈ ಮಾತಿನ ಆಳವು ನಮಗೆ ಬಹಳ ಕಾಲ ತಿಳಿಯಲಿಲ್ಲ. ಕೊಳ್ಳುವವನಿಗೆ ಮೋಸವಾಗುವುದೆಂಬುದು ಅದರ ಹೊರಗಿನ ಅರ್ಥ. ಒಳಗಿನ ಅರ್ಥ ಬೇರೆ. ಒಂದೇ ಮನೆಯಲ್ಲಿ ಎರಡು ತರದ ಹಿಟ್ಟು ಇದ್ದಾಗ ಯಾವುದನ್ನು ಯಾವಾಗ ಯಾರು ಲಟ್ಟಿಸಬೇಕೆಂಬುದನ್ನು ಯಾರಾದರೊಬ್ಬರು ಪ್ರತಿದಿನವೂ ನಿಶ್ಚಯಿಸಬೇಕಾಗುತ್ತದೆ. ಆ ನಿಶ್ಚಯವು ಮುಂದೆ ನಿಂತವಳ ಕೈಗೆ ಬರುತ್ತದೆ. ಅವಳು ಒಬ್ಬಳಿಗೆ ಒಳ್ಳೆಯ ಹಿಟ್ಟನ್ನೂ ಇನ್ನೊಬ್ಬಳಿಗೆ ಸಾಧಾರಣ ಹಿಟ್ಟನ್ನೂ ಕೊಟ್ಟಳೆಂಬ ಮಾತು ಆ ಹೊತ್ತಿನಿಂದಲೇ ಹುಟ್ಟುತ್ತದೆ. ಅಳತೆಯು ಒಂದೇ ಆದಲ್ಲಿ ಮುಖ್ಯಸ್ಥಳಿಗೂ ಅದೇ ಅಳತೆ. ಅವಳ ಇಷ್ಟಾನಿಷ್ಟಗಳಿಗೆ ಅಲ್ಲಿ ಎಡೆಯಿಲ್ಲ.

ಛಗನ್‌ಬಾಪಾ ಒತ್ತಿ ಹೇಳಿದ ಮತ್ತೊಂದು ವಿಷಯ ಲೆಕ್ಕ. ಇದು ಧರ್ಮಕಾರ್ಯವಲ್ಲ, ವ್ಯಾಪಾರ. ಆದುದರಿಂದ ಲೆಕ್ಕವನ್ನು ಕ್ರಮವಾಗಿ ಇಡತಕ್ಕದ್ದೆಂದು ಅವರು ಕಲಿಸಿದರು. ಯಾರಿಂದಲೂ ದಾನವನ್ನು ತೆಗೆದುಕೊಳ್ಳಕೂಡದೆಂಬ ನಿಯಮವನ್ನೂ ಆ ಸ್ತ್ರೀಯರು ಇಟ್ಟುಕೊಂಡರು. ದಾನವನ್ನು ಸ್ವೀಕರಿಸಿದ ಮುಂದಾಳು ತನ್ನವರಿಗಿಂತ ದಾನಿಗೇ ಹೆಚ್ಚು ವಿಧೇಯನಾಗುವನೆಂಬುದನ್ನು ನಾವು ಅನೇಕ ಸಂಘಗಳಲ್ಲಿ ಕಂಡಿದ್ದೇವೆ. ಅದನ್ನು ಬೆಳೆಯಿಸುವುದು ಬೇಡ.

ಮೊದಲ ವರ್ಷದ ಮಳೆಗಾಲವು ಅವರಿಗೆ ದೊಡ್ಡ ಪೆಟ್ಟನ್ನು ಕೊಟ್ಟಿತು. ಬಿಸಿಲಿಲ್ಲದೆ ಹಪ್ಪಳವು ಒಣಗದು. ನಾಲ್ಕು ತಿಂಗಳು ಕೆಲಸವು ನಿಂತುಹೋಯಿತು. ಇಂತಹ ವಿರಾಮದಲ್ಲಿಯೇ ಹೆಚ್ಚಿನ ಗೃಹೋದ್ಯೋಗಗಳು ಸಾಯುವುವು. ಮರುವರ್ಷ ಅವರು ಒಂದು ಮಂಚವನ್ನೂ ಒಂದು ಸ್ಟೌವನ್ನೂ ಕೊಂಡುತಂದರು. ಮಂಚದ ಮೇಲೆ ಹಪ್ಪಳ, ಮಂಚದ ಕೆಳಗೆ ಉರಿ. ಮಲೆನಾಡಿನಲ್ಲಿ ಒಲೆಯ ಮೇಲಣ ಅಟ್ಟದಲ್ಲಿ ಸಾಮಾನುಗಳನ್ನು ಬೆಚ್ಚಗಿಡುವುದನ್ನು ಕಂಡು ಬೆಳೆದ ನಮಗೆ ಇದನ್ನು ಓದಿ ನಗುವೂ ಬಂತು, ಗೌರವವೂ ಹುಟ್ಟಿತು. ದೂರದೃಷ್ಟಿ ದೂರದೃಷ್ಟಿಯೆಂದು ನಾವು ಹುಡುಗರಿಗೆ ಬರೆಯಿಸಿದುದು ಇದೇ ಇರಬೇಕು. ಆದರೆ ಪಟ್ಟಿಯಲ್ಲಿ ಮಂಚವಿರಲಿಲ್ಲ.

ಮೂರು ತಿಂಗಳಲ್ಲಿ ಇಪ್ಪತ್ತೈದು ಮಂದಿಯಾದರು. ಮೂರನೆಯ ವರ್ಷದ ಕೊನೆಗೆ ಮುನ್ನೂರನ್ನು ಮೀರಿದರು. ಮಾಳಿಗೆಯಲ್ಲಿ ಕಾಲಿಡಲು ಎಡೆಯಿಲ್ಲದಂತಾಯಿತು. ಇಲ್ಲಿಯೇ, ನಮ್ಮ ಅಭಿಪ್ರಾಯದಲ್ಲಿ, ಈ ಉದ್ಯೋಗದ ಪರೀಕ್ಷೆಯು ನಡೆದುದು. ದೊಡ್ಡದೊಂದು ಕಟ್ಟಡವನ್ನು ಹಿಡಿದು, ಎಲ್ಲರನ್ನೂ ಕಣ್ಣೆದುರಿನಲ್ಲಿ ಕೂರಿಸಿಕೊಂಡು, ಮೇಲ್ವಿಚಾರಣೆ ಮಾಡಬಹುದಾಗಿತ್ತು. ಅವರು ಹಾಗೆ ಮಾಡದೆ, ನಾದಿದ ಹಿಟ್ಟನ್ನು ಸದಸ್ಯೆಯರಿಗೆ ಹಂಚಿ ಅವರವರ ಮನೆಗೇ ಕಳುಹಿಸಿದರು. ಮನೆಯಲ್ಲಿ ಲಟ್ಟಿಸಿ ಒಣಗಿಸಿದ ಹಪ್ಪಳಗಳು ಮರಳಿ ಬಂದು ತೂಗಿಸಿಕೊಂಡು ಪೊಟ್ಟಣಗಳಾದುವು. ಇಂದಿಗೂ ಕ್ರಮವು ಇದೇ. ಬೆಳಗ್ಗೆ ಶಾಖೆಗೆ ಬಂದು, ಮಾಡಿದ ಹಪ್ಪಳವನ್ನು ಒಪ್ಪಿಸಿ, ಲಟ್ಟಿಸಿದ ಕೂಲಿಯನ್ನು ಪಡೆದು, ಅಂದಿನ ಹಿಟ್ಟನ್ನು ತೆಗೆದುಕೊಂಡು ಹೋಗುತ್ತಾರೆ. ಸೇರುವವಳ ಮನೆಯಲ್ಲಿ ಲಟ್ಟಿಸಿ ಒಣಗಿಸಲು ಶುಚಿಯಾದ ಸ್ಥಳವಿದೆಯೆ ಎಂದು ಮೊದಲು ನೋಡುತ್ತಾರೆ. ಇಲ್ಲದಿದ್ದರೆ ಹಿಟ್ಟು ನಾದುವ, ಪೊಟ್ಟಣ ಕಟ್ಟುವ ಕೆಲಸಗಳುಂಟು. ಉದ್ದು, ಮೆಣಸು, ಇಂಗು ಮುಂತಾದುವುಗಳನ್ನು ಒಂದೇ ಕಡೆಯಿಂದ ಕೊಂಡು ಶಾಖೆಗಳಿಗೆ ಕಳುಹಿಸುವುದರಿಂದ ರುಚಿಯು ಊರಿಂದ ಊರಿಗೆ ಬದಲಾಗದು.

ಪರರ ಮನೆಯೊಳಗೆ, ಕದ ಮುಚ್ಚಿದ ಮೇಲೆ, ಹೇಗೆ ಲಟ್ಟಿಸುತ್ತಾರೋ ಯಾರು ಬಲ್ಲರು? ಇಲ್ಲಿ ಕಾವಲಿಗೆ ಬೆಲೆಯಿಲ್ಲ. ನಂಬಿಕೆಯೂ ತಕ್ಕಡಿಯೂ ಎರಡೇ ಸಾಧನಗಳು. ಎರಡೂ ಬೇಕು. ತಕ್ಕಡಿಯಿಲ್ಲದ ನಂಬಿಕೆಯು ನಾಲ್ಕು ದಿನದಲ್ಲಿ ಸಂದೇಹವಾಗುವುದು. ನಂಬಿಕೆಯಿಲ್ಲದ ತಕ್ಕಡಿಯಾದರೋ ಅಪಮಾನವಾಗುವುದು. ಆ ಸಂಸ್ಥೆಯಲ್ಲಿ ಸದಸ್ಯೆಯರೆಲ್ಲರೂ ಪರಸ್ಪರ ಬೆನ್, ಎಂದರೆ ಸಹೋದರಿ, ಎಂದು ಕರೆದುಕೊಳ್ಳುತ್ತಾರೆ. ಶಾಖೆಯ ಮುಖ್ಯಸ್ಥೆಗೆ ಸಂಚಾಲಿಕೆಯೆಂದು ಹೆಸರು. ಅವಳನ್ನು ಸಹೋದರಿಯರೊಳಗಿಂದಲೇ ಆರಿಸತಕ್ಕದ್ದು. ಗಂಡಸರು ಸಂಬಳಕ್ಕೆ ಲೆಕ್ಕ ಬರೆಯಬಹುದು, ಬಂಡಿ ನಡೆಯಿಸಬಹುದು, ಕಾವಲು ಕಾಯಬಹುದು, ಸದಸ್ಯರಾಗಲಾರರು. ಲಾಭವಷ್ಟೆ ಅಲ್ಲ, ನಷ್ಟವೂ ಸಹೋದರಿಯರದೇ.

ಅವರ ಪ್ರಯತ್ನಗಳೆಲ್ಲ ಫಲಿಸಿದುವೆಂದು ತಿಳಿಯಬಾರದು. ೧೯೬೧ರಲ್ಲಿ ಮಲಾಡ್‌ನಲ್ಲಿ ಶಾಖೆಯೊಂದನ್ನು ತೆರೆಯಲು ಹೋಗಿ ಸೋತರು. ಮುಂದೆ ಬೆಂಕಿಕಡ್ಡಿ, ಚರ್ಮದ ಸಾಮಾನು, ಊದಿನಕಡ್ಡಿಗಳನ್ನು ಮಾಡಿ ನೋಡಿ ಕೈಬಿಟ್ಟರು. ಲಿಜ್ಜತ್ ಎಂಬ ಹೆಸರನ್ನು ೧೯೬೨ರಲ್ಲಿ ಒಂದು ಸ್ಪರ್ಧೆಯನ್ನೇರ್ಪಡಿಸಿ ಆರಿಸಿದರು. ಬಹುಮಾನ ಐದು ರೂಪಾಯಿ. ಗುಜರಾತಿಯಲ್ಲಿ ಅದಕ್ಕೆ ರುಚಿಯೆಂದು ಅರ್ಥ. ೧೯೬೬ರಲ್ಲಿ ಸಂಸ್ಥೆಯು ನೋಂದಣಿಯಾಯಿತು. ಖಾದಿ ಗ್ರಾಮೋದ್ಯೋಗ ಆಯೋಗದ ಮನ್ನಣೆಯೂ ಅದೇ ವರ್ಷ ದೊರೆಯಿತು. ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಜಮನಾದಾಸ್ ಪೋಪಟ್ ಅವರಿಗೆ ೨೦೨೧ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಪ್ರಶಸ್ತಿಗಿಂತ ನಮಗೆ ದೊಡ್ಡದಾಗಿ ಕಂಡುದು ಬೇರೊಂದು. ಅಷ್ಟು ವರ್ಷಗಳ ಕಾಲ ದೇಶದ ಜನರಿಗೆ ಹಪ್ಪಳದ ಹೆಸರು ಗೊತ್ತಿತ್ತು. ಅದನ್ನು ಮೊದಲು ಲಟ್ಟಿಸಿದವರ ಹೆಸರು ಅನೇಕರಿಗೆ ಗೊತ್ತಿರಲಿಲ್ಲ.

ಇನ್ನು ನಮ್ಮ ಮಾತು.

ಇಪ್ಪತ್ತೈದು ವರ್ಷಗಳ ಹಿಂದೆ, ನಾವು ಇನ್ನೂ ಉಪಾಧ್ಯಾಯರಾಗಿದ್ದಾಗ, ನಮ್ಮ ಬೀದಿಯಲ್ಲಿ ಐವರು ಹೆಂಗಸರು ಸೇರಿ ಹಪ್ಪಳದ ಉದ್ಯೋಗವನ್ನು ತೊಡಗಿದರು. ಮುಂದೆ ನಿಂತವರು ನಮ್ಮ ಎದುರುಮನೆಯ ತಾಯಿ. ಧೈರ್ಯ, ಸಾಹಸ, ವಾಕ್ಚಾತುರ್ಯ, ದೂರದೃಷ್ಟಿ ಎಂಬ ಪಟ್ಟಿಯು ಅವರನ್ನು ನೋಡಿಯೇ ಬರೆದಂತಿತ್ತು. ಬೆಳಗಿನ ಜಾವದಲ್ಲಿ ಎದ್ದು ಒಬ್ಬರೇ ಹಿಟ್ಟು ಕುಟ್ಟುತ್ತಿದ್ದರು. ಅಂಗಡಿಗಳನ್ನು ಅವರೇ ಸುತ್ತುತ್ತಿದ್ದರು. ಹೋಟೆಲಿನವನು ಬೆಲೆಯನ್ನು ಇಳಿಸಲು ಹೋದರೆ ಅವನ ಬಾಯನ್ನು ಮುಚ್ಚಿಸುತ್ತಿದ್ದರು. ಲೆಕ್ಕವನ್ನು ಬರೆದುಕೊಡಬೇಕೆಂದು ನಮ್ಮನ್ನು ಕೇಳಿದರು. ನಾವು ವಾರಕ್ಕೊಂದು ಸಂಜೆ ಕುಳಿತು, ಕೆಂಪು ಶಾಯಿಯಿಂದ ಗೆರೆಗಳನ್ನೆಳೆದು, ಅಂದವಾಗಿ ಬರೆದುಕೊಟ್ಟೆವು. ಆ ಪುಸ್ತಕವು ಆ ತಾಯಿಯ ಬೀರುವಿನಲ್ಲಿರುತ್ತಿತ್ತು. ಉಳಿದ ನಾಲ್ವರು ಅದನ್ನು ಕಂಡವರೇ ಅಲ್ಲ. ಕಾಣಿಸಬೇಕೆಂದು ಆ ತಾಯಿಗೂ ತೋರಲಿಲ್ಲ, ನಮಗೂ ತೋರಲಿಲ್ಲ. ಒಂದು ಪೈಸೆಯ ವ್ಯತ್ಯಾಸವೂ ಇಲ್ಲದ ಲೆಕ್ಕವನ್ನು ಯಾರಿಗಾದರೂ ತೋರಿಸುವುದೇತಕ್ಕೆ?

ಎರಡನೆಯ ವರ್ಷ ಉದ್ದಿನ ಬೆಲೆಯು ಏರಿತು. ಹೋಟೆಲಿಗಾಗಿ ಬೇರೆ ಹಿಟ್ಟು ಬೆರೆಸಿದ ಇನ್ನೊಂದು ತರದ ಹಪ್ಪಳವನ್ನು ಆ ತಾಯಿ ಆರಂಭಿಸಿದರು. ಯಾರನ್ನೂ ಕೇಳಲಿಲ್ಲ, ಕೇಳುವ ಅಗತ್ಯವೇನಿತ್ತು, ಎಲ್ಲರ ಹಿತಕ್ಕಾಗಿಯೇ ಅಲ್ಲವೆ? ಪಾಲುಗಳನ್ನು ಉಗಾದಿಗೆ ಹಂಚುವುದೆಂದು ಮೊದಲೇ ಮಾತಾಗಿತ್ತು. ಆ ಜ್ಯೇಷ್ಠಮಾಸದಲ್ಲಿ ಅವರಲ್ಲಿ ಕಿರಿಯಳೊಬ್ಬಳು, "ಅಕ್ಕ, ನನ್ನ ಪಾಲಿಗೆ ಇದುವರೆಗೆ ಎಷ್ಟಾಗಿದೆಯೊ? ಪುಸ್ತಕವನ್ನು ಸ್ವಲ್ಪ ನೋಡಬಹುದೆ?" ಎಂದು ಕೇಳಿದಳು. ಆ ತಾಯಿಯ ಮುಖವು ಕೆಂಪೇರಿತು. "ನಾನೇನು ಕದ್ದಿದ್ದೇನೆಯೆ?" ಎಂದರು. ನಾವು ಅಲ್ಲಿಯೇ ಕುಳಿತಿದ್ದೆವು. ನಾವು ಒಂದು ಮಾತನ್ನು ಹೇಳಿ ಪುಸ್ತಕವನ್ನು ಅವಳ ಮುಂದೆ ತೆರೆದಿಟ್ಟಿದ್ದರೆ ಸಾಕಾಗಿತ್ತು. ಅದಕ್ಕೆ ಬದಲಾಗಿ, "ಮೇಷ್ಟರು ಬರೆದ ಲೆಕ್ಕವನ್ನು ತನಿಖೆ ಮಾಡುವಷ್ಟು ದೊಡ್ಡವಳಾದೆಯೇನಮ್ಮ?" ಎಂದೆವು. ಅವಳು ತಲೆತಗ್ಗಿಸಿಕೊಂಡು ಎದ್ದುಹೋದಳು. ವಾರದೊಳಗೆ ಇನ್ನಿಬ್ಬರು ಬರುವುದನ್ನು ಬಿಟ್ಟರು. ಎರಡು ತರದ ಹಿಟ್ಟಿನ ಮಾತೂ ಆಗಲೇ ಹೊರಬಿತ್ತು. ಆಷಾಢದ ಮಳೆ ಹಿಡಿಯುವಷ್ಟರಲ್ಲಿ ಉದ್ಯೋಗವು ಮುಗಿದಿತ್ತು. ಎದುರುಮನೆಯ ತಾಯಿ ಎಲ್ಲರ ಪಾಲನ್ನೂ ಪೈಸೆಪೈಸೆಯಾಗಿ ಎಣಿಸಿ, ಅವರವರ ಮನೆಬಾಗಿಲಿಗೆ ಹೋಗಿ ಕೊಟ್ಟುಬಂದರು. ಆಮೇಲೆ ಆ ಬೀದಿಯಲ್ಲಿ ಅವರು ಯಾರ ಮನೆಗೂ ಹೋಗಲಿಲ್ಲ.

ಎಂಟು ವರ್ಷಗಳ ತರುವಾಯ ಒಂದು ದಿನ ಬಸ್ಸಿನಲ್ಲಿ ಆ ಕಿರಿಯಳು ನಮಗೆ ಭೇಟಿಯಾದಳು. ನಾವಾಗಿಯೇ ಹಳೆಯ ಮಾತನ್ನೆತ್ತಿದೆವು. ಅವಳಲ್ಲಿ ಕೋಪವಿರಲಿಲ್ಲ. "ಅಕ್ಕನ ಮೇಲೆ ನನಗೆ ಸಂಶಯವೇ ಇರಲಿಲ್ಲ, ಮೇಷ್ಟರೆ. ಮಗಳನ್ನು ಕಾಲೇಜಿಗೆ ಸೇರಿಸಲು ಆ ಶುಕ್ರವಾರ ಕಡೆಯ ದಿನವಾಗಿತ್ತು. ನನ್ನ ಪಾಲಿನ ಹಣವು ಶುಲ್ಕಕ್ಕೆ ಸಾಲುತ್ತದೆಯೋ, ಒಡವೆಯನ್ನು ಒತ್ತೆಯಿಡಬೇಕೋ ಎಂದು ತಿಳಿಯಬೇಕಾಗಿತ್ತು, ಅಷ್ಟೆ" ಎಂದಳು. ಅಕ್ಕ ಹಣ ತಂದುಕೊಡುವ ಹೊತ್ತಿಗೆ ಶುಕ್ರವಾರವು ಕಳೆದಿತ್ತು. ಆ ವರ್ಷ ಹುಡುಗಿಯು ಕಾಲೇಜಿಗೆ ಸೇರಲಿಲ್ಲ. ಮರುವರ್ಷ ಅವಳ ಮದುವೆಯಾಯಿತು. ನಾವು ಕೆಂಪು ಗೆರೆಗಳ ನಡುವೆ ಬರೆದಿದ್ದ ಅವಳ ಪಾಲು ಶುಲ್ಕಕ್ಕೆ ಸಾಲುತ್ತಿತ್ತು. ಆ ಅಂಕೆಯು ನಮಗೆ ಇಂದಿಗೂ ನೆನಪಿದೆ.

ಕಳವು ಇರಲಿಲ್ಲ, ಸೋಮಾರಿತನವಿರಲಿಲ್ಲ, ಕೊಳ್ಳುವವರ ಅಭಾವವೂ ಇರಲಿಲ್ಲ. ಮುಂದೆ ನಿಂತವರಿಗೆ ಎಲ್ಲ ಗುಣಗಳೂ ಇದ್ದುವು. ತಮ್ಮನ್ನು ಅಳತೆಗೆ ಒಡ್ಡಿಕೊಳ್ಳುವ ಒಂದು ಗುಣ ಮಾತ್ರ ಇರಲಿಲ್ಲ. ಪ್ರಾಮಾಣಿಕರಿಗೇ ಇದು ಹೆಚ್ಚು ಕಷ್ಟವೆಂದು ನಮಗೆ ಈಗ ತೋರುತ್ತದೆ. ಕಳ್ಳನು ಲೆಕ್ಕವನ್ನು ತೋರಿಸಲು ಹೆದರುವನು. ಪ್ರಾಮಾಣಿಕನು ತೋರಿಸೆಂದರೆ ಮಾನಭಂಗವಾಯಿತೆಂದು ತಿಳಿಯುವನು. ಕೇಳಿದವಳ ಪಾಲಿಗೆ ಎರಡರ ಫಲವೂ ಒಂದೇ. ಪುಸ್ತಕವು ಮುಚ್ಚಿಯೇ ಇರುವುದು.

ಆದಕಾರಣ ತಂಗಿಯ ಮಗಳಿಗೆ ನಾವು ಲೆಕ್ಕವನ್ನು ಬರೆದುಕೊಡಲಿಲ್ಲ. ನಾಲ್ವರಿಗೂ ಬರೆಯಲು ಕಲಿಸಿದೆವು. ಬುಧವಾರ, ಶನಿವಾರ ಮಧ್ಯಾಹ್ನ ನಮ್ಮ ಜಗುಲಿಯಲ್ಲಿ ಪಾಠ. ವಾರಕ್ಕೊಬ್ಬರಂತೆ ಸರದಿಯಿಂದ ಬರೆಯತಕ್ಕದ್ದು. ಬರೆದುದನ್ನು ಶನಿವಾರ ಗಟ್ಟಿಯಾಗಿ ಓದತಕ್ಕದ್ದು. ಪುಸ್ತಕವು ಬೀರುವಿನಲ್ಲಿರದೆ ಲಟ್ಟಿಸುವ ಕೋಣೆಯ ಗೂಡಿನಲ್ಲಿರತಕ್ಕದ್ದು. ಹೋಟೆಲಿಗೆ ಸಾಧಾರಣ ತರದ್ದೊಂದನ್ನು ಮಾಡಬೇಕೆಂಬ ಯೋಚನೆಯು ಅವಳಲ್ಲಿಯೂ ಇತ್ತು. ಮಾಳಿಗೆಯ ಏಳು ಮಂದಿಯ ಕಥೆಯನ್ನು ಕೇಳಿದ ಮೇಲೆ ಬಿಟ್ಟಳು. ಪಾಲನ್ನು ತಿಂಗಳಿಗೊಮ್ಮೆ ಹಂಚುವುದೆಂದು ಅವಳೇ ಗೊತ್ತುಮಾಡಿದಳು. ನಾಲ್ವರಲ್ಲಿ ಒಬ್ಬಳು ನಾಲ್ಕನೆಯ ತರಗತಿಗೇ ಶಾಲೆಯನ್ನು ಬಿಟ್ಟವಳು. ಅಂಕೆಗಳನ್ನು ಬರೆಯುವಾಗ ಅವಳ ಕೈ ನಡುಗುತ್ತಿತ್ತು. ತನ್ನ ಸರದಿಯನ್ನು ಬೇರೆಯವರಿಗೆ ಕೊಡಿರೆಂದು ಎರಡು ಸಾರಿ ಬೇಡಿದಳು. ನಾವು ಒಪ್ಪಲಿಲ್ಲ.

ಕಳೆದ ಶನಿವಾರ ಅವಳ ಸರದಿಯ ಪುಟವನ್ನು ಓದಿದರು. ಉದ್ದು ಇಷ್ಟು, ಇಂಗು ಇಷ್ಟು, ಮಾರಿದುದು ಇಷ್ಟು ಎಂದು ತಡೆತಡೆದು ಓದಿಕೊಂಡು ಬಂದವಳು ಕಡೆಯ ಸಾಲಿನಲ್ಲಿ ನಿಂತುಬಿಟ್ಟು ನಮ್ಮ ತಂಗಿಯ ಮಗಳ ಮುಖವನ್ನು ನೋಡಿದಳು. "ಓದು, ಓದು" ಎಂದಳು ಇವಳು. ಅವಳು ಗಂಟಲನ್ನು ಸರಿಪಡಿಸಿಕೊಂಡು ಓದಿದಳು: "ಅಕ್ಕ ಲಟ್ಟಿಸಿದ್ದರಲ್ಲಿ ಒಂಬತ್ತು ದಪ್ಪ. ಬೇರೆ ಇಟ್ಟಿದೆ."